ಧನ್ಯ ದಡ್ಡನಾದ ಬಗೆ: ‘ಸೇಲಿ’ ಪದದ ಬೆನ್ನುಹತ್ತಿ

ಸ್ನೇಹಿತರೇ,

ಲೆಕ್ಕದ ಪೇಪರಿನಲ್ಲಿ ಕೂಡುವ ಕಡೆ ಕಳೆದು ಬಂದ ಹುಡುಗನದು ‘ಸಿಲ್ಲಿ ಮಿಸ್ಟೇಕ್’. ಬ್ಯಾಟಿನ ಮೂಗಿನಡಿಯಲ್ಲೇ ಬಗ್ಗಿ ನಿಂತ ಫೀಲ್ಡರನದು ‘ಸಿಲ್ಲಿ ಪಾಯಿಂಟ್’. ಇಷ್ಟರಮಟ್ಟಿಗೆ ಈ ಪದ ನಮ್ಮದೂ ಆಗಿದೆ. ಇದರ ಅಜ್ಜಿಯ ಹೆಸರು ‘ಸೇಲಿ’. ಇಂಗ್ಲಿಷಿನಲ್ಲಿ ಬಳಕೆ ತಪ್ಪಿಹೋದ ಗುಣವಾಚಕ. ಅದರ ಮೊದಲ ಅರ್ಥ ದಡ್ಡ ಅಲ್ಲ; ಧನ್ಯ, ಭಾಗ್ಯವಂತ.

ಬೇರಿನಿಂದ ಶುರುಮಾಡೋಣ. ಹಳೆಯ ಇಂಗ್ಲಿಷಿನಲ್ಲಿ ‘ಸ್ಯಾಲ್’ ಎಂಬ ನಾಮಪದವಿತ್ತು. ಹೊತ್ತು, ತಕ್ಕ ಸಮಯ, ಸುಖ, ಇವೆಲ್ಲ ಅದರಲ್ಲಿ ಸೇರಿದ್ದವು. ‘ಕಾಲ ಕೂಡಿಬಂತು’ ಅನ್ನುವ ನಮಗೆ ಹೊತ್ತಿಗೂ ಭಾಗ್ಯಕ್ಕೂ ಇರುವ ಈ ನಂಟನ್ನು ಬಿಡಿಸಿ ಹೇಳಬೇಕಿಲ್ಲ. ಅದರಿಂದ ಆದ ಗುಣವಾಚಕ ‘ಗೆಸ್ಯಾಲಿಗ್’. ಬರೆಯುವುದು ಹಾಗೆ, ಬಾಯಲ್ಲಿ ಹೆಚ್ಚುಕಡಿಮೆ ‘ಯೆಸ್ಯಾಲಿ’. ಮೊದಲಿನ ‘ಗೆ’ ಉದುರಿ ನಡುಗಾಲದ ಇಂಗ್ಲಿಷಿನಲ್ಲಿ ‘ಸೇಲಿ’ ಆಯಿತು. ಇದರ ದಾಯಾದಿಗಳು ಇನ್ನೂ ಸುಖವಾಗಿದ್ದಾರೆ. ಜರ್ಮನ್ನಿನ ‘ಜೇಲಿಗ್’ ಇಂದಿಗೂ ಧನ್ಯ ಅಂತಲೇ; ತೀರಿಹೋದವರ ಹೆಸರಿನ ಜೊತೆ ಬಂದರೆ ನಮ್ಮ ‘ದಿವಂಗತ’ದ ಕೆಲಸ ಮಾಡುತ್ತದೆ. ಐಸ್‌ಲ್ಯಾಂಡಿನಲ್ಲಿ ಗಂಡಸು ಎದುರಾದರೆ ‘ಸೈಟ್ಲ್’ ಅನ್ನುತ್ತಾರೆ, ಸುಖಿ ಎಂಬ ಅದೇ ಪದ ಅಲ್ಲಿ ನಮಸ್ಕಾರವಾಗಿದೆ. ಜಾರಿಬಿದ್ದದ್ದು ಇಂಗ್ಲಿಷಿನವಳು ಮಾತ್ರ.

ಜಾರಿದ್ದು ಹೇಗೆ? ನಿಘಂಟುಗಳು ಮೆಟ್ಟಿಲು ಕಟ್ಟಿ ತೋರಿಸುತ್ತವೆ: ಭಾಗ್ಯವಂತ, ದೈವಕೃಪೆ ಉಳ್ಳವ, 1200ರ ಸುಮಾರಿಗೆ ನಿರಪರಾಧಿ, 13ನೇ ಶತಮಾನದ ಕೊನೆಗೆ ಅಯ್ಯೋ ಅನ್ನಿಸುವವ, 1300ರ ಹೊತ್ತಿಗೆ ದುರ್ಬಲ, 1570ರ ದಶಕದಲ್ಲಿ ಬುದ್ಧಿ ಸಾಲದವ. ಲೆಕ್ಕ ಸರಿಯೇ. ಆದರೆ ಮೆಟ್ಟಿಲಿನ ಚಿತ್ರ ದಾರಿ ತಪ್ಪಿಸುತ್ತದೆ. ಒಂದು ಅರ್ಥ ಬಂದಾಗ ಹಿಂದಿನದು ಮನೆ ಖಾಲಿ ಮಾಡಲಿಲ್ಲ; ಅವು ನೂರಾರು ವರ್ಷ ಒಂದೇ ಸೂರಿನಡಿ ಇದ್ದವು.

ಇದಕ್ಕೆ ಇಂಗ್ಲಿಷ್ ಕವಿ ಚಾಸರನ ‘ಕ್ಯಾಂಟರ್‌ಬರಿ ಕಥೆಗಳು’ ಒಂದೇ ಸಾಕು, 14ನೇ ಶತಮಾನದ ಕೊನೆಯ ಕೃತಿ. ಅದರಲ್ಲಿ ಸನ್ಯಾಸಿನಿ ಹೇಳುವ ಕಥೆಯಲ್ಲಿ ವಿಧವೆಯ ಏಳು ವರ್ಷದ ಮಗನೊಬ್ಬ ಬರುತ್ತಾನೆ, ಮೇರಿಮಾತೆಯ ಭಕ್ತ. ‘ಸೇಲಿ’ ಮಗು ಬೇಗ ಕಲಿಯುತ್ತದೆ ಅನ್ನುತ್ತಾಳೆ ಆಕೆ. ಅಲ್ಲಿ ಅದು ಪುಣ್ಯವಂತ, ನಿಷ್ಕಳಂಕ. ಗಿರಣಿಯವನು ಹೇಳುವ ಕಥೆಗೆ ಬನ್ನಿ. ಆಕ್ಸ್‌ಫರ್ಡಿನ ಮುದಿ ಬಡಗಿ ಜಾನನ ಮನೆಯಲ್ಲಿ ಬಾಡಿಗೆಗಿರುವ ವಿದ್ಯಾರ್ಥಿ ನಿಕೊಲಸನಿಗೆ ಬಡಗಿಯ ಹೆಂಡತಿಯ ಮೇಲೆ ಕಣ್ಣು. ಬೈಬಲಿನ ನೋಹನ ಕಾಲದ್ದಕ್ಕಿಂತ ದೊಡ್ಡ ಪ್ರಳಯ ಬರುತ್ತದೆ ಎಂದು ಅವನು ಹೆದರಿಸುತ್ತಾನೆ. ಬಡಗಿ ನಂಬುತ್ತಾನೆ, ಮೂರು ತೊಟ್ಟಿ ತಂದು ಸೂರಿಗೆ ತೂಗುಹಾಕುತ್ತಾನೆ, ಹತ್ತಲು ಕೈಯಾರೆ ಮೂರು ಏಣಿ ಮಾಡುತ್ತಾನೆ, ರೊಟ್ಟಿ, ಚೀಸು, ಬಿಯರು ತುಂಬಿಡುತ್ತಾನೆ. ಇಂಥವನಿಗೆ ಚಾಸರ್ ಮತ್ತೆ ಮತ್ತೆ ಹಚ್ಚುವ ವಿಶೇಷಣ ‘ಸೇಲಿ’. ಅಲ್ಲಿ ಅದು ಬಡಪಾಯಿ, ಬೆಪ್ಪು. ಆದರೆ ಬಡಗಿಯ ಮನಸ್ಸಿನಲ್ಲಿ ತಾನು ನೋಹನ ಹಾಗೆ ದೇವರು ಆರಿಸಿದ ಧನ್ಯ! ಹಳೆಯ ಅರ್ಥ ಇನ್ನೂ ಕೇಳುಗರ ಕಿವಿಯಲ್ಲಿ ಇದ್ದದ್ದರಿಂದಲೇ ಈ ಕುಚೋದ್ಯ ಹತ್ತುತ್ತದೆ. ಕೊನೆಗೆ ತೊಟ್ಟಿ ಸಮೇತ ಬಿದ್ದು ಕೈ ಮುರಿದುಕೊಳ್ಳುತ್ತಾನೆ.

ನನ್ನ ಲೆಕ್ಕದಲ್ಲಿ ಈ ಪದ ಕೆಟ್ಟದ್ದು ಕನಿಕರದ ಬಾಗಿಲಲ್ಲಿ. ಹುತಾತ್ಮರು, ಹಸುಳೆಗಳು, ಕುರಿಗಳು, ಇವರನ್ನು ಧನ್ಯ ಎಂದು ಕರೆಯುತ್ತ ಬಂದರೆ ಅವರೆಲ್ಲ ಕೈಲಾಗದವರೂ ಹೌದಲ್ಲ. ‘ಪಾಪ!’ ಎನ್ನುವವನು ಯಾವಾಗಲೂ ಒಂದು ಮೆಟ್ಟಿಲು ಮೇಲೆ ನಿಂತು ನೋಡುತ್ತಾನೆ. ಇದಕ್ಕೆ ಸಾಕ್ಷಿ ವಿರುದ್ಧ ಪದದ ಗತಿ. ‘ಅನ್‌ಸೇಲಿ’ ಅಂದರೆ ದುರ್ಭಾಗ್ಯದವ, ದುಷ್ಟ. ಅದಕ್ಕೆ ಕನಿಕರದ ನೆರಳು ತಾಗಲಿಲ್ಲ. ಅದು ‘ದಡ್ಡನಲ್ಲದ’ ಎಂಬ ಅರ್ಥಕ್ಕೆ ಹೊರಳದೆ ಹಾಗೇ ಮರೆಯಾಯಿತು. ಸ್ಕಾಟ್ಲೆಂಡಿನ ಜನಪದದಲ್ಲಿ ಮಾತ್ರ ಒಳ್ಳೆಯ ಯಕ್ಷಿಯರದು ‘ಸೀಲಿ’ ಗುಂಪು, ಕೇಡಿಗರದು ‘ಅನ್‌ಸೀಲಿ’.

ಉಚ್ಚಾರದ ಕಥೆ ಚಿಕ್ಕದು. ದೀರ್ಘ ‘ಏ’ ಗಿಡ್ಡವಾಗಿ ‘ಇ’ ಆಯಿತು. ಕಾಯಿಲೆ ಎಂಬರ್ಥದ ‘ಸಿಕ್’ ಆದದ್ದೂ ಹೀಗೆಯೇ. ಗಿಡ್ಡವಾಗದ ರೂಪ ‘ಸೀಲಿ’ ಆಗಿ ಸ್ವಲ್ಪ ಕಾಲ ಜೊತೆಗೇ ನಡೆದು ನಿಂತುಹೋಯಿತು.

ನಮ್ಮ ಕಡೆ ಇದೇ ದಾರಿಯಲ್ಲಿ ಎದುರಿನಿಂದ ಬಂದ ಪದವೊಂದಿದೆ, ‘ಮುಗ್ಧ’. ಸಂಸ್ಕೃತದ ‘ಮುಹ್’ ಧಾತುವಿಗೆ ದಿಕ್ಕುಗೆಡು, ಮಂಕಾಗು ಎಂಬರ್ಥ. ಅದರಿಂದ ‘ಮೂಢ’ವೂ ಆಯಿತು, ‘ಮುಗ್ಧ’ವೂ ಆಯಿತು. ಒಡಹುಟ್ಟಿದವರಲ್ಲಿ ಒಬ್ಬ ಬೈಗುಳ, ಇನ್ನೊಬ್ಬ ಮೆಚ್ಚುಗೆ. 1899ರ ಮೋನಿಯರ್ ವಿಲಿಯಮ್ಸ್ ಸಂಸ್ಕೃತ-ಇಂಗ್ಲಿಷ್ ನಿಘಂಟು ‘ಮುಗ್ಧ’ಕ್ಕೆ ಕೊಡುವ ಅರ್ಥಗಳಲ್ಲಿ ‘ಸಿಲ್ಲಿ’ಯೂ ಇದೆ, ‘ಇನೊಸೆಂಟ್’ ಕೂಡ ಇದೆ. ಒಂದು ಇಳಿಯುತ್ತ, ಒಂದು ಏರುತ್ತ, ನಡುವೆ ಎಲ್ಲೋ ಎರಡೂ ಎದುರುಬದುರಾಗಿವೆ.

ಇನ್ನು ಹಳೆಯ ಪಠ್ಯ ಓದುವವರಿಗೆ, ಅನುವಾದಿಸುವವರಿಗೆ ಕೆಲಸದ ಮಾತು. ನಿಘಂಟಿನಲ್ಲಿ ‘ಸಿಲ್ಲಿ’ ಒಂದನ್ನೇ ನೋಡಿ ನಿಲ್ಲಬೇಡಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ‘ಸೀಲಿ’ಗೆ ಬೇರೆಯೇ ನಮೂದು ಇದೆ, ಮಿಶಿಗನ್ ವಿಶ್ವವಿದ್ಯಾಲಯದ ಮಿಡಲ್ ಇಂಗ್ಲಿಷ್ ನಿಘಂಟು ಆನ್‌ಲೈನಿನಲ್ಲಿ ಉಚಿತ. ಕಾಗುಣಿತ ಒಂದೇ ತರ ಇರುವುದಿಲ್ಲ, ನಾಲ್ಕೈದು ರೂಪ ಹಾಕಿ ಹುಡುಕಿ. ಆಮೇಲೆ ವಿಶೇಷ್ಯ, ಅಂದರೆ ಈ ಪದ ಬಣ್ಣಿಸುವ ನಾಮಪದ, ಯಾವುದೆಂದು ನೋಡಿ. ಪಕ್ಕದಲ್ಲಿ ಕುರಿ, ಮಗು ಇದ್ದರೆ ‘ದಡ್ಡ’ ಎಂದು ಬರೆಯುವ ಮುಂಚೆ ಪೆನ್ನು ಕೆಳಗಿಡಿ. ಶೇಕ್ಸ್‌ಪಿಯರನ ಆರನೇ ಹೆನ್ರಿ ದೊರೆ ಕುರುಬರ ‘ಸಿಲ್ಲಿ’ ಕುರಿಗಳನ್ನು ನೆನೆಯುವಾಗ ಅವು ಸಾಧು ಪ್ರಾಣಿಗಳು. 1629ರ ಕ್ರಿಸ್‌ಮಸ್ ಪದ್ಯದಲ್ಲಿ ಮಿಲ್ಟನ್ ಕುರುಬರ ‘ಸಿಲ್ಲಿ’ ಯೋಚನೆಗಳು ಅಂದದ್ದು ಸರಳ ಯೋಚನೆಗಳನ್ನು. ಇಸವಿಯೊಂದನ್ನೇ ನಂಬಿದರೂ ಮೋಸ. 1611ರ ಇಂಗ್ಲಿಷ್ ಬೈಬಲಿನಲ್ಲಿ ಪ್ರವಾದಿ ಹೋಶೇಯನ ‘ಸಿಲ್ಲಿ’ ಪಾರಿವಾಳಕ್ಕೆ ಬುದ್ಧಿಯಿಲ್ಲ ಎಂದು ಅಲ್ಲೇ ಬಿಡಿಸಿ ಹೇಳಿದೆ. ಮಿಲ್ಟನ್ ಬರೆದದ್ದು ಅದಾದ 18 ವರ್ಷಕ್ಕೆ.

ಪ್ರಾಂತ್ಯವನ್ನೂ ಗಮನಿಸಬೇಕು. ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ 1785ರಲ್ಲಿ, ನೇಗಿಲು ತಾಗಿ ಗೂಡು ಕಳಕೊಂಡ ಇಲಿಯ ಮೇಲೆ ಬರೆದ ಪದ್ಯದಲ್ಲಿ ಆ ಪುಟ್ಟ ಮನೆಯ ‘ಸಿಲ್ಲಿ’ ಗೋಡೆಗಳನ್ನು ಗಾಳಿ ಚೆಲ್ಲಾಡುತ್ತದೆ. ಗೋಡೆಗೆ ದಡ್ಡತನವೆಲ್ಲಿಂದ? ಅದು ಬಡಕಲು ಗೋಡೆ, ತಡೆಯಲಾರದ್ದು. ಕನ್ನಡಕ್ಕೆ ತರುವಾಗ ‘ದುರ್ಬಲ’ ಅಂದರೆ ಅರ್ಥ ಬಂತು, ಮರುಕ ಹೋಯಿತು. ದಕ್ಷಿಣ ಕನ್ನಡದವರು, ಬಡಪಾಯಿ ಎಂಬರ್ಥದಲ್ಲಿ, ‘ಪಾಪದ ಗೋಡೆ’ ಅಂದರೆ ಎರಡೂ ಸಿಕ್ಕುತ್ತವೆ. ಆದರೆ ಮೈಸೂರು ಕಡೆಯ ಓದುಗ, ಆ ಗೋಡೆ ಮಾಡಿದ ಪಾಪವಾದರೂ ಏನು ಎಂದು ಕೇಳಿಯಾನು.