ಪುನರ್ಪುಳಿ ಕುಡಿದರೆ ಹೊಟ್ಟೆ ಕರಗುತ್ತದೆಯೇ?

ನಮಸ್ಕಾರ. ಬೇಸಿಗೆ ಬಂತೆಂದರೆ ನಿಮ್ಮಲ್ಲಿ ಹಲವರು ಕೇಳುವ ಪ್ರಶ್ನೆ ಇದು: "ದಿನಾ ಪುನರ್ಪುಳಿ ಜ್ಯೂಸ್ ಕುಡಿದರೆ ತೂಕ ಇಳಿಯುತ್ತಾ?" ಉತ್ತರ ಹುಡುಕುತ್ತಾ ಹೋದರೆ ದಾರಿ ನಮ್ಮ ಮೈಸೂರಿಗೇ ಬಂದು ನಿಲ್ಲುತ್ತದೆ. ಬನ್ನಿ, ನೋಡೋಣ.

ಮೊದಲು ಹಣ್ಣಿನ ಪರಿಚಯ ಬೇಗ ಮುಗಿಸಿಬಿಡುತ್ತೇನೆ. ಮಂಗಳೂರು ಕಡೆ ಪುನರ್ಪುಳಿ, ಶಿರಸಿ, ಸಾಗರದ ಕಡೆ ಮುರುಗಲು, ಗೋವಾದಲ್ಲಿ ಕೋಕಂ. ಎಲ್ಲವೂ ಒಂದೇ. ಪಶ್ಚಿಮ ಘಟ್ಟದ ಮರ. ಮಳೆಗಾಲಕ್ಕೆ ಮೊದಲು ಕೆಂಪಗೆ ಹಣ್ಣಾಗುತ್ತದೆ. ಬೀಜ ತೆಗೆದು ಸಿಪ್ಪೆ ಒಣಗಿಸಿಟ್ಟರೆ ವರ್ಷವಿಡೀ ಸಾರಿಗಾಯಿತು, ಶರಬತ್ತಿಗಾಯಿತು. ಆಯುರ್ವೇದದವರು ಇದನ್ನು ವೃಕ್ಷಾಮ್ಲ ಎನ್ನುತ್ತಾರೆ. ಚರಕ ಸಂಹಿತೆಯಲ್ಲಿ ಹೃದಯಕ್ಕೆ ಹಿತವಾದ ಹತ್ತು ವಸ್ತುಗಳ ಪಟ್ಟಿಯಿದೆ. ಮಾವು, ಅಮಟೆ, ಕವಳಿ, ಬೋರೆ, ದಾಳಿಂಬೆ, ಮಾದಲ ಇವುಗಳ ಜೊತೆ ವೃಕ್ಷಾಮ್ಲವೂ ಅಲ್ಲಿದೆ. ಗಮನಿಸಿದಿರಾ? ಬಹುತೇಕ ಎಲ್ಲವೂ ಹುಳಿ ಹಣ್ಣುಗಳೇ!

ಈಗ ತೂಕದ ವಿಷಯ. ಇದು ಶುರುವಾಗಿದ್ದು ಮುರುಗಲಿನಿಂದಲ್ಲ, ಅದರ ದಾಯಾದಿ ಉಪ್ಪಾಗೆಯಿಂದ.

[ತೆರೆಯ ಮೇಲೆ: ಕೆಂಪು ಮುರುಗಲು, ಪಕ್ಕದಲ್ಲಿ ಹಳದಿ ಉಪ್ಪಾಗೆ]

ಕೇರಳದ ಮೀನು ಸಾರಿಗೆ ಹಾಕುವ ಕುಡಂಪುಳಿ ಇದೇ. ಕೊಡಗಿನ ಪಂದಿ ಕರಿಗೆ ಕಪ್ಪು ಬಣ್ಣ ಕೊಡುವ ಕಾಚಂಪುಳಿಯೂ ಇದೇ ಹಣ್ಣಿನದ್ದು. ಇದರ ಹುಳಿ ಯಾವ ಆಮ್ಲದಿಂದ ಬಂತು? 1965ರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್ ಉತ್ತರ ಕೊಟ್ಟರು: ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಚಿಕ್ಕದಾಗಿ ಎಚ್‌ಸಿಎ. ಮುರುಗಲಿನಲ್ಲೂ ಇದೇ ಇದೆ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು, ಏಕೆಂದರೆ ನನಗೆ ಬಹಳ ಇಷ್ಟವಾದ ಭಾಗ ಇದು. ನಿಂಬೆಹಣ್ಣಿನ ಸಿಟ್ರಿಕ್ ಆಮ್ಲ ಗೊತ್ತಲ್ವಾ? ಅದಕ್ಕೆ ಒಂದೇ ಒಂದು ಆಮ್ಲಜನಕದ ಪರಮಾಣು ಹೆಚ್ಚಿಗೆ ಸೇರಿದರೆ ಎಚ್‌ಸಿಎ. ನೋಡಲು ಹೆಚ್ಚುಕಡಿಮೆ ಅದೇ ಅಣು. ನಮ್ಮ ಜೀವಕೋಶದೊಳಗೆ ಸಿಟ್ರೇಟನ್ನು ಒಡೆಯುವ ಒಂದು ಕಿಣ್ವ ಇದೆ. ಊಟದ ಸಕ್ಕರೆ ಅಂಶ ಜಾಸ್ತಿಯಾದಾಗ ಅದರಿಂದ ಕೊಬ್ಬು ಕಟ್ಟಲು ಬೇಕಾದ ಕಚ್ಚಾವಸ್ತು ಸಿಗುವುದು ಹೀಗೆ ಒಡೆದಾಗಲೇ. ಈಗ ಅಡಿಕೆ ಸುಲಿಯುವವರನ್ನು ನೆನಪಿಸಿಕೊಳ್ಳಿ. ಮೆಟ್ಟುಗತ್ತಿಯ ಮುಂದೆ ಕೂತು ಸರಸರನೆ ಸುಲಿಯುತ್ತಿದ್ದಾರೆ. ಅವರ ರಾಶಿಗೆ ಅಡಿಕೆಯಂತೆಯೇ ಕಾಣುವ, ಆದರೆ ಎಷ್ಟು ಒತ್ತಿದರೂ ಸಿಪ್ಪೆ ಬಿಡದ ಕಾಯಿಗಳನ್ನು ಬೆರೆಸಿದರೆ? ಕೈಗೆ ಬಂದ ಸುಳ್ಳು ಕಾಯಿಯ ಜೊತೆ ಗುದ್ದಾಡುವುದರಲ್ಲೇ ಹೊತ್ತು ಹೋಗುತ್ತದೆ. ನಿಜವಾದ ಅಡಿಕೆ ಹಾಗೇ ಉಳಿಯುತ್ತದೆ. ಎಚ್‌ಸಿಎ ಆ ಕಿಣ್ವಕ್ಕೆ ಮಾಡುವುದು ಇದನ್ನೇ. 1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ತೋರಿಸಿದರು. ಇಲಿಗಳ ಮೇಲೂ ಪರಿಣಾಮ ಕಂಡಿತು. ನಮ್ಮ ಘಟ್ಟದ ಹುಳಿಯೊಳಗೆ ಇಷ್ಟು ಚೆಂದದ ರಸಾಯನಶಾಸ್ತ್ರ ಅಡಗಿದೆ ಎಂದರೆ ನನಗೆ ಈಗಲೂ ರೋಮಾಂಚನವಾಗುತ್ತದೆ.

ಹಾಗಾದರೆ ಮನುಷ್ಯರಲ್ಲಿ? 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ ಒಂದು ಪ್ರಯೋಗದ ಫಲಿತಾಂಶ ಬಂತು. ತೂಕ ಜಾಸ್ತಿ ಇದ್ದ 135 ಜನ, 12 ವಾರ. ಅರ್ಧ ಜನರಿಗೆ ದಿನಕ್ಕೆ 1,500 ಮಿಲಿಗ್ರಾಂ ಎಚ್‌ಸಿಎ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಎಲ್ಲರಿಗೂ ಕಡಿಮೆ ಕ್ಯಾಲೊರಿಯ ಊಟ. ಎರಡೂ ಗುಂಪಿನ ತೂಕ ಇಳಿಯಿತು. ಆದರೆ ಎಚ್‌ಸಿಎ ತಿಂದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ಒಂದು ಕಾರಣ ಹೀಗಿರಬಹುದು: ಸಾಮಾನ್ಯ ಊಟ ಮಾಡುವ ಮನುಷ್ಯರ ಮೈಯಲ್ಲಿ ಸಕ್ಕರೆಯಿಂದ ಹೊಸದಾಗಿ ತಯಾರಾಗುವ ಕೊಬ್ಬು ಕಡಿಮೆ. ಹೆಚ್ಚಿನ ಕೊಬ್ಬು ನಾವು ತಿಂದ ಎಣ್ಣೆ, ತುಪ್ಪದಿಂದಲೇ ಬರುತ್ತದೆ. ಆ ಬಾಗಿಲನ್ನು ಎಚ್‌ಸಿಎ ಮುಚ್ಚುವುದೇ ಇಲ್ಲ.

ಆದರೂ 'ಗಾರ್ಸೀನಿಯಾ ಕ್ಯಾಂಬೋಜಿಯಾ' ಎಂಬ ಹೆಸರಿನಲ್ಲಿ ಉಪ್ಪಾಗೆಯ ಮಾತ್ರೆಗಳು ಇಂದಿಗೂ ಮಾರಾಟವಾಗುತ್ತಿವೆ. ಇಂಥ ಮಾತ್ರೆ ತಿಂದು ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ದಯವಿಟ್ಟು ಸುಮ್ನೆ ಆನ್‌ಲೈನ್‌ನಲ್ಲಿ ತರಿಸಿಕೊಂಡು ನುಂಗಬೇಡಿ. ಇನ್ನೊಂದು ನೋವಿನ ಸಂಗತಿ. ಈ ಬೇಡಿಕೆಯಿಂದ ಉತ್ತರ ಕನ್ನಡದ ಕಾಡಿನ ಉಪ್ಪಾಗೆಗೆ ಒಮ್ಮೆ ಭಾರೀ ಬೆಲೆ ಬಂತು. ಬೇರೆಯವರು ಕೊಯ್ಯುವ ಮೊದಲು ತಾವು ಕೊಯ್ಯಬೇಕೆಂದು ಬಲಿಯದ ಕಾಯಿಯನ್ನೇ ಇಳಿಸಿದರು. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ, ಆಗ ಬಿಸಿಲೆಲ್ಲಿ? ಸಿಪ್ಪೆ ಒಣಗಿಸಲು ಕಟ್ಟಿಗೆ ಉರಿಸಲೇಬೇಕು. ಕೆಲಸ ಮಾಡದ ಮಾತ್ರೆಗಾಗಿ ನಮ್ಮ ಕಾಡು ಇಷ್ಟು ತೆರಬೇಕಿತ್ತೇ?

ಸಮಯ ಓಡುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಪಿತ್ತದ ಗಂಧೆ ಎದ್ದಾಗ ಮುರುಗಲು ನೀರು ಕುಡಿಯುವ, ಮೈಗೆ ಹಚ್ಚುವ ರೂಢಿ ಮಲೆನಾಡಿನಲ್ಲಿದೆ. ಆದರೆ ಗಂಧೆಯ ಜೊತೆ ಉಸಿರು ಕಟ್ಟಿದರೆ ಅಥವಾ ತುಟಿ ಊದಿದರೆ ತಕ್ಷಣ ಆಸ್ಪತ್ರೆಗೆ ಓಡಿ. ಬೀಜದಿಂದ ತೆಗೆದ ಮುರುಗಲು ತುಪ್ಪ ಸಾಮಾನ್ಯ ಬಿಸಿಗೆ ಗಟ್ಟಿಯಾಗಿಯೇ ಇರುತ್ತದೆ. ಸ್ವಲ್ಪ ಬೆಚ್ಚಗೆ ಮಾಡಿ ಒಡೆದ ಹಿಮ್ಮಡಿಗೆ ಹಚ್ಚಿ, ಬಹಳ ಒಳ್ಳೆಯದು. ಹಣ್ಣಿನ ಕೆಂಪು ಬಣ್ಣ ಆಂಥೋಸಯನಿನ್‌ನದ್ದು, ನೇರಳೆಹಣ್ಣಿಗೆ ಬಣ್ಣ ಕೊಡುವ ಗುಂಪಿನದ್ದೇ. ಅಂಗಡಿಯ ಸಿರಪ್ ಕೊಳ್ಳುವಾಗ ಸಕ್ಕರೆ ಎಷ್ಟಿದೆ ಎಂದು ಲೇಬಲ್ ನೋಡಿ. ಶುಗರ್ ಇರುವವರು ಒಣ ಸಿಪ್ಪೆ ನೆನೆಸಿ, ಉಪ್ಪು, ಜೀರಿಗೆ ಹಾಕಿ ಕುಡಿಯುವುದು ವಾಸಿ. ಹುಳಿ ತೇಗಿನ ತೊಂದರೆ ಇದ್ದವರು ಖಾಲಿ ಹೊಟ್ಟೆಗೆ ಬೇಡ.

ಕಾಚಂಪುಳಿ ಕಾಯಿಸುವ ಬಗೆಯನ್ನು ಇವತ್ತು ಹೇಳಲಾಗಲಿಲ್ಲ. ಅದಕ್ಕೇ ಒಂದು ಪೂರ್ತಿ ವಿಡಿಯೋ ಬೇಕು, ಮುಂದಿನ ಸಲ ಮಾಡೋಣ. ನಿಮ್ಮ ಮನೆಯಲ್ಲಿ ಮುರುಗಲು ಸಾರು ಹೇಗೆ ಮಾಡುತ್ತೀರಿ, ಬೆಲ್ಲ ಹಾಕಿಯೋ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೋ? ಕೆಳಗೆ ಬರೆಯಿರಿ.