ರೈಲು ಬಂದಾಗ ಕ್ಯಾಮೆರಾ ಎಲ್ಲಿ ನಿಂತಿತ್ತು?

[ದೃಶ್ಯ: ಮುಂಬಯಿಯ ಕಾಲಾ ಘೋಡಾ. ಹಳೆಯ ವಾಟ್ಸನ್ ಹೋಟೆಲ್ ಕಟ್ಟಡ]

ನಮಸ್ಕಾರ. ಭಾರತದಲ್ಲಿ ಫ್ರಾನ್ಸಿನ ಸಿನಿಮಾ ಪ್ರವರ್ತಕರಾದ ಲೂಮಿಯೇರ್ ಸಹೋದರರ ಸಿನಿಮಾ ಮೊದಲು ಪ್ರದರ್ಶನವಾದದ್ದು ಈ ಕಟ್ಟಡದಲ್ಲಿ, 1896ರ ಜುಲೈ 7ರಂದು. ಅಂದು ತೋರಿಸಿದ ಕಿರುಚಿತ್ರಗಳಲ್ಲಿ ಒಂದು, ನಿಲ್ದಾಣಕ್ಕೆ ರೈಲು ಬರುವುದು. ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿ ಆಗಲೇ 43 ವರ್ಷವಾಗಿತ್ತು. ಮುಂಬಯಿಗರಿಗೆ ರೈಲು ಹಳತು, ಪರದೆಯ ಮೇಲೆ ಓಡುವ ರೈಲು ಹೊಸತು.

ಪ್ಯಾರಿಸ್‌ನಲ್ಲಿ ಈ ಚಿತ್ರ ನೋಡಿ ಜನ ಹೆದರಿ ಎದ್ದು ಓಡಿದರಂತೆ ಎಂಬ ಕಥೆಯನ್ನು ನೀವು ಕೇಳಿರಬಹುದು. ಸಿನಿಮಾ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ನನಗಂತೂ ಆ ಕಥೆಗಿಂತ ಕ್ಯಾಮೆರಾ ಇಟ್ಟ ಜಾಗವೇ ದೊಡ್ಡ ವಿಷಯ. ಅದು ಪ್ಲಾಟ್‌ಫಾರ್ಮಿನ ಮೇಲೆ, ಹಳಿಗೆ ತುಸು ಓರೆಯಾಗಿ ನಿಂತಿದೆ. ದೂರದ ಎಂಜಿನ್ ದೊಡ್ಡದಾಗುತ್ತಾ ಬಂದು ಪಕ್ಕದಲ್ಲೇ ಹಾದುಹೋಗುತ್ತದೆ, ಬಾಗಿಲು ತೆರೆದು ಜನ ಇಳಿಯುತ್ತಾರೆ, ಕೆಲವರು ತೀರಾ ಹತ್ತಿರಕ್ಕೆ ಬರುತ್ತಾರೆ. ಇಷ್ಟೆಲ್ಲ ಒಂದು ನಿಮಿಷದೊಳಗೆ, ಕ್ಯಾಮೆರಾ ಕದಲದೆಯೇ! ರೈಲು ಇರುವ ಯಾವ ಸಿನಿಮಾ ನೋಡಿದರೂ ನಾನು ಮೊದಲು ಗಮನಿಸುವುದು ಇದನ್ನೇ: ಕ್ಯಾಮೆರಾ ಯಾರ ಜೊತೆ ನಿಂತಿದೆ?

[ದೃಶ್ಯ: ಬಿಳಿ ಹೂ ಬಿಟ್ಟ ಕಾಶ ಹುಲ್ಲಿನ ಬಯಲು]

ಸತ್ಯಜಿತ್ ರಾಯ್ ಅವರ 1955ರ ‘ಪಥೇರ್ ಪಾಂಚಾಲಿ’ಯಲ್ಲಿ ಅದು ರೈಲು ಹತ್ತದವರ ಜೊತೆ ನಿಂತಿದೆ. ಹಳ್ಳಿಯ ಅಕ್ಕ ದುರ್ಗಾ ಮತ್ತು ತಮ್ಮ ಅಪು ಕಂಬಕ್ಕೆ ಕಿವಿಗೊಟ್ಟು ಅದರ ಗುಂಯ್‌ಗುಡುವಿಕೆಯನ್ನು ಕೇಳುತ್ತಾರೆ. ಆಮೇಲೆ ಹುಲ್ಲಿನ ಮೇಲೆ ಕಪ್ಪು ಹೊಗೆ ಕಾಣಿಸುತ್ತದೆ, ಓಟ ಶುರು. ಕ್ಯಾಮೆರಾ ಹಳಿಯ ಆಚೆ ದಡಕ್ಕೆ ಹೋಗಿ, ಉರುಳುವ ಗಾಲಿಗಳ ಸಂದಿಯಿಂದ ಆ ಹುಡುಗನನ್ನು ತೋರಿಸುತ್ತದೆ. ಈ ಬಯಲಿನಲ್ಲಿ ಚಿತ್ರೀಕರಣ ಆರಂಭಿಸಿ ಮುಂದಿನ ವಾರ ಮರಳಿದಾಗ ದನಗಳು ಹೂವನ್ನೆಲ್ಲ ಮೇಯ್ದಿದ್ದವು. ರಾಯ್ ಮರುವರ್ಷದ ಹೂವಿಗಾಗಿ ಕಾದರು.

ಮುಂದಿನ ಚಿತ್ರ ‘ಅಪರಾಜಿತೋ’ದಲ್ಲಿ ಅಪು ಓದಲು ಕಲ್ಕತ್ತೆಗೆ ಹೋಗುತ್ತಾನೆ. ಊರಿನಲ್ಲಿ ಕಾಯಿಲೆ ಬಿದ್ದ ತಾಯಿ ದೂರದಲ್ಲಿ ಹಾದುಹೋಗುವ ರೈಲನ್ನು ನೋಡುತ್ತಾ ಮಗನ ದಾರಿ ಕಾಯುತ್ತಾಳೆ. ಅಂದು ಮಕ್ಕಳಿಗೆ ಬೆರಗಾಗಿದ್ದ ರೈಲು ಈಗ ತಾಯಿಗೆ ಸಂಕಟ. ಮುಂಬಯಿಯ ಹೋಟೆಲುಗಳಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ನಮ್ಮ ಹಿರಿಯರು ಈ ದೃಶ್ಯವನ್ನು ನೋಡಲೇಬೇಕು. ಕೊಂಕಣ ರೈಲು ಬರುವ ಮೊದಲು ಕರಾವಳಿಯಿಂದ ಅವರು ಹಡಗು ಹತ್ತಿಯೋ ಬಸ್ಸು ಹಿಡಿದೋ ಬಂದವರು. ಊರಿನಲ್ಲಿ ಉಳಿದ ತಾಯಂದಿರ ಕಾಯುವಿಕೆ ಮಾತ್ರ ಇದೇ.

ಕೊರಿಯಾದ ನಿರ್ದೇಶಕ ಬಾಂಗ್ ಜೂನ್ ಹೋ ಅವರ 2013ರ ‘ಸ್ನೋಪಿಯರ್ಸರ್’ನಲ್ಲಿ ಕ್ಯಾಮೆರಾ ರೈಲಿನ ಒಳಗಿದೆ. ಬಾಲದ ಡಬ್ಬಿಗಳಲ್ಲಿ ಬಡವರು, ಎಂಜಿನ್ನಿನಲ್ಲಿ ಒಡೆಯ. ಒಂದೇ ಲೋಕಲ್‌ನಲ್ಲಿ ತಡೆಗೋಡೆಯ ಆಚೆ ಫಸ್ಟ್ ಕ್ಲಾಸ್, ಈಚೆ ಸೆಕೆಂಡ್ ಕ್ಲಾಸ್ ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

[ದೃಶ್ಯ: ಆಪ್ಟಾ ನಿಲ್ದಾಣ]

‘ದಿಲ್‌ವಾಲೇ ದುಲ್ಹನಿಯಾ ಲೇ ಜಾಯೇಂಗೇ’ಯ ಕೊನೆಯ ದೃಶ್ಯ ಚಿತ್ರೀಕರಣವಾದದ್ದು ಪನ್ವೇಲ್ ಸಮೀಪದ ಈ ಆಪ್ಟಾದಲ್ಲಿ. ರೈಲು ನಿಂತೇ ಇದ್ದಿದ್ದರೆ, ಮಗಳ ಪ್ರೀತಿಯನ್ನು ಒಪ್ಪದ ಅಪ್ಪ ತನ್ನ ತೀರ್ಮಾನವನ್ನು ನಾಳೆಗೆ ಮುಂದೂಡಬಹುದಿತ್ತು. ಅದು ಹೊರಟುಬಿಟ್ಟಿದೆ, ಹಿಡಿದ ಮಗಳ ಕೈಯನ್ನು ಈಗಲೇ ಬಿಡಬೇಕು. ಇಡೀ ಸಿನಿಮಾದ ಜಗಳವನ್ನು ಇತ್ಯರ್ಥ ಮಾಡುವುದು ರೈಲಿನ ಚಲನೆಯೇ.

ಕುರ್ಲಾದಿಂದ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತಿ ಉಡುಪಿ, ಮಂಗಳೂರಿಗೆ ಹೋಗುವವರು ಇದೇ ನಿಲ್ದಾಣವನ್ನು ಹಾದುಹೋಗುತ್ತೀರಿ. ಪನ್ವೇಲ್ ಬಿಟ್ಟ ಮೇಲೆ ಕಿಟಕಿಯ ಹೊರಗೆ ಕಣ್ಣಿಡಿ. ನಿಮ್ಮ ಮನಸ್ಸಿನಲ್ಲಿ ಉಳಿದ ಕನ್ನಡ ಸಿನಿಮಾದ ರೈಲು ಯಾವುದು, ಆಗ ಕ್ಯಾಮೆರಾ ಎಲ್ಲಿತ್ತು ಎಂದು ನಮಗೆ ಬರೆಯಿರಿ.