ಹದ್ದಿನ ಬಾಲ ಕಾಯುವ ಕೆಲಸ

ಬೆಳಗ್ಗೆ ಆರೂವರೆ. ಈಗ ನಿಮಗೆ ಕಾಣುತ್ತಿರುವುದು ಒಂದು ಬಕೆಟ್, ಒಂದು ಬ್ರಷ್, ಮತ್ತೆ ನನ್ನ ರಬ್ಬರ್ ಬೂಟು. ಹಕ್ಕಿ ಎಲ್ಲಿ ಅಂತ ಕೇಳುತ್ತೀರಿ, ಗೊತ್ತು. ಈ ವಿಡಿಯೋದಲ್ಲಿ ಹಕ್ಕಿ ಕಡಿಮೆ, ಬಕೆಟ್ ಜಾಸ್ತಿ. ಯಾಕೆ ಅಂತ ಹೇಳುತ್ತೇನೆ.

ಗಾಯಗೊಂಡ ಬೇಟೆಹಕ್ಕಿಗಳ ಆರೈಕೆ ಕೇಂದ್ರಕ್ಕೆ ನಾನು ಸ್ವಯಂಸೇವಕಿಯಾಗಿ ಸೇರಿ ಐದು ತಿಂಗಳಾಯಿತು. ಇಲ್ಲಿಗೆ ಹದ್ದು, ಗಿಡುಗ, ಗೂಬೆ ಎಲ್ಲ ಬರುತ್ತವೆ. ಗಾಜಿಗೆ ಬಡಿದವು, ಗಾಡಿಗೆ ಸಿಕ್ಕವು, ದಾರಕ್ಕೋ ಮುಳ್ಳುತಂತಿಗೋ ರೆಕ್ಕೆ ಸಿಕ್ಕಿಸಿಕೊಂಡವು. ಹಕ್ಕಿಗಳ ಕೋಣೆಯೊಳಗೆ ಕ್ಯಾಮೆರಾ ಒಯ್ಯುವ ಹಾಗಿಲ್ಲ. ಕೊನೆಯದೊಂದನ್ನು ಬಿಟ್ಟರೆ, ನೀವು ನೋಡುವ ಹಕ್ಕಿಯ ದೃಶ್ಯಗಳೆಲ್ಲ ಬಾಗಿಲಿನ ಸಣ್ಣ ಕಿಂಡಿಯಿಂದ ತೆಗೆದವು.

ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ಮೂಲೆಯಲ್ಲಿ ಮುದುಡಿ ಕೂತಿದ್ದ ಹದ್ದಿಗೆ "ಹೆದರಬೇಡ ಕಂದ" ಅಂತ ಮೆಲ್ಲಗೆ ಹೇಳಿದೆ. ಅಲ್ಲಿನ ಹಿರಿಯರೊಬ್ಬರು ನನ್ನನ್ನು ಹೊರಗೆ ಕರೆದರು. "ನೀನು ಸಮಾಧಾನ ಮಾಡ್ತಿದ್ದೀಯ ಅಂತ ಅದಕ್ಕೆ ಗೊತ್ತಾಗಲ್ಲ. ತನ್ನನ್ನು ತಿನ್ನೋಕೆ ಬಂದ ಪ್ರಾಣಿ ಸದ್ದು ಮಾಡ್ತಿದೆ ಅನ್ಕೊಳ್ಳುತ್ತೆ" ಅಂದರು. ಅಂದಿನಿಂದ ಒಳಗೆ ಹೋದರೆ ನಾನು ಮಾತಾಡಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡಿಲ್ಲ.

ಅದೇ ಹದ್ದಿನ ಕಥೆ ಇದು. ಇಲ್ಲಿ ಹಕ್ಕಿಗಳಿಗೆ ಹೆಸರಿಡುವುದಿಲ್ಲ, ನಂಬರ್ ಕೊಡುತ್ತಾರೆ. ಇದರದ್ದು 63.

63ನ್ನು ತಂದವರು ಎಷ್ಟು ಸರಿಯಾಗಿ ತಂದಿದ್ದರು ಅಂದರೆ, ಅದಕ್ಕೇ ಅದು ಉಳಿಯಿತು ಅಂತ ನನಗೆ ಅನ್ನಿಸುತ್ತದೆ. ಟವೆಲ್ ಹೊದಿಸಿ ಹಿಡಿದು, ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿಟ್ಟು, ಮುಚ್ಚಳ ಮುಚ್ಚಿ, ಸೀದಾ ಇಲ್ಲಿಗೆ ತಂದರು. ಬಾಯಿಗೆ ನೀರು ಹಾಕಿರಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ. ನಾವು ಪ್ರೀತಿಯಿಂದ ಸುರಿದ ನೀರು ಶ್ವಾಸಕೋಶಕ್ಕೆ ಹೋಗಿಬಿಡಬಹುದು. ಕತ್ತಲೆ, ಮೌನ, ಬೇಗ ತಲುಪಿಸುವುದು, ಅಷ್ಟು ಸಾಕು.

ತೂಕ 560 ಗ್ರಾಂ. ಎದೆಮೂಳೆ ಚಾಕುವಿನ ಅಂಚಿನ ಹಾಗೆ ಕೈಗೆ ಸಿಗುತ್ತಿತ್ತು. ಎಷ್ಟೋ ದಿನ ಹಸಿದಿತ್ತು. ಆದರೂ ಮೊದಲ ದಿನ ಮಾಂಸ ಕೊಡಲಿಲ್ಲ. ಬರೀ ಬೆಚ್ಚಗಿನ ದ್ರವ. ಬರಗೆಟ್ಟ ಮೈಗೆ ಒಮ್ಮೆಲೇ ಹೊಟ್ಟೆ ತುಂಬಿಸಿದರೆ ರಕ್ತದ ಲವಣಗಳು ಏರುಪೇರಾಗಿ ಹಕ್ಕಿ ಸತ್ತೇ ಹೋಗಬಹುದು. ಹಸಿದ ಜೀವದ ಮುಂದೆ ಮಾಂಸ ಇಟ್ಟುಕೊಂಡು ಕೊಡದೇ ಇರುವುದು ತುಂಬಾ ಕಷ್ಟ. ಎರಡನೇ ದಿನದಿಂದ ಸಣ್ಣ ಸಣ್ಣ ಚೂರು, ಮೂಳೆ ಇಲ್ಲದೆ, ರೋಮ ಇಲ್ಲದೆ.

ಮುರಿದಿದ್ದು ಎಡರೆಕ್ಕೆಯ ಅಲ್ನಾ. ರೆಕ್ಕೆಯ ನಡುಭಾಗದಲ್ಲಿ ಎರಡು ಮೂಳೆಗಳಿವೆ, ನಮ್ಮ ಮುಂಗೈಯಲ್ಲಿ ಇರುವ ಹಾಗೇ. ದಪ್ಪನೆಯದು ಅಲ್ನಾ, ತೆಳ್ಳಗಿನದು ರೇಡಿಯಸ್. ರೇಡಿಯಸ್ ಗಟ್ಟಿಯಾಗಿತ್ತು. ಅದೇ ಪಕ್ಕದಲ್ಲಿ ನಿಂತು ಆಸರೆ ಕೊಡುತ್ತದೆ, ಆಪರೇಷನ್ ಬೇಡ, ಕಟ್ಟು ಸಾಕು ಅಂದರು ಡಾಕ್ಟರ್. ಹಕ್ಕಿಯ ಮೂಳೆ ಬೇಗ ಕೂಡುತ್ತದೆ. ಮೂರ್ನಾಲ್ಕು ವಾರ ಅಷ್ಟೇ.

ಮೂಳೆ ಕೂಡಿದರೆ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ಆದರೆ ಗೂಡಿನಲ್ಲಿ ಇರುವುದೇ ಹಕ್ಕಿಯನ್ನು ಕೆಡಿಸಬಹುದು. ಕಟ್ಟು ಜಾಸ್ತಿ ದಿನ ಇದ್ದರೆ ರೆಕ್ಕೆಯ ಮುಂಭಾಗದ ಚರ್ಮ ಕುಗ್ಗುತ್ತದೆ, ಆಮೇಲೆ ರೆಕ್ಕೆ ಪೂರ್ತಿ ಬಿಚ್ಚುವುದೇ ಇಲ್ಲ. ಅದಕ್ಕೇ ಕೆಲವು ದಿನಕ್ಕೊಮ್ಮೆ ಮತ್ತು ಬರಿಸಿ, ಕಟ್ಟು ಬಿಚ್ಚಿ, ಮೆಲ್ಲಗೆ ಎಳೆದು ವ್ಯಾಯಾಮ ಮಾಡಿಸುತ್ತಾರೆ. ಕೂರುವ ಕೋಲು ನುಣ್ಣಗೆ, ಗಟ್ಟಿಯಾಗಿ, ಒಂದೇ ದಪ್ಪ ಇದ್ದರೆ ಅಂಗಾಲು ಹುಣ್ಣಾಗುತ್ತದೆ. ಬಂಬಲ್‌ಫುಟ್ ಅಂತ ಅದರ ಹೆಸರು. ಕೋಲಿಗೆ ಹಗ್ಗ ಸುತ್ತುವುದು, ಹುಲ್ಲಿನಂಥ ಮ್ಯಾಟ್ ಹೊದಿಸುವುದು ಅದಕ್ಕೇ. ನೆಲ ಒದ್ದೆ, ಕೊಳಕು ಇದ್ದರೆ ಆಸ್ಪರ್ಜಿಲಸ್ ಅನ್ನುವ ಬೂಸ್ಟು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಭಯದಲ್ಲಿ, ಸುಸ್ತಿನಲ್ಲಿ ಇರುವ ಹಕ್ಕಿಗೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ. ಬಕೆಟ್ ಯಾಕೆ ಅಂತ ಈಗ ಗೊತ್ತಾಯಿತು ಅಲ್ವಾ?

ಇನ್ನು ಬಾಲ. ಕಟ್ಟು ಹಾಕಿದ ಹಕ್ಕಿಗೆ ಸಮತೋಲ ಇರುವುದಿಲ್ಲ. ಬಾಲ ನೆಲಕ್ಕೆ, ಗೋಡೆಗೆ ಉಜ್ಜುತ್ತಲೇ ಇರುತ್ತದೆ. ಬೆಳೆದು ನಿಂತ ಗರಿ ನಮ್ಮ ಉಗುರಿನ ಹಾಗೆ, ಅದರಲ್ಲಿ ಜೀವ ಇಲ್ಲ. ಮುರಿದರೆ ಕೂಡುವುದಿಲ್ಲ. ಅದು ಉದುರಿ ಹೊಸದು ಬರುವ ತನಕ ಕಾಯಬೇಕು, ಒಂದು ವರ್ಷವೂ ಆಗಬಹುದು. ಅಂದರೆ ವಾಸಿಯಾದ ಹಕ್ಕಿ ಬರೀ ಬಾಲಕ್ಕಾಗಿ ಮತ್ತೆ ತಿಂಗಳುಗಟ್ಟಲೆ ಗೂಡಿನಲ್ಲೇ.

ಆದ್ದರಿಂದ ಬಾಲಕ್ಕೊಂದು ಚೀಲ. ನೋಡಿ, ಇದು ಹಳೆಯ ಎಕ್ಸ್‌ರೇ ಫಿಲ್ಮ್. ಲಕೋಟೆಯ ಹಾಗೆ ಮಡಚಿ, ಬಾಲಕ್ಕೆ ತೊಡಿಸಿ, ಬುಡದಲ್ಲಿ ಪೇಪರ್ ಟೇಪ್ ಅಂಟಿಸುತ್ತೇವೆ. ಐದು ವಾರ, ವಾರಕ್ಕೆರಡು ಸಲ, ಅದನ್ನು ಬದಲಿಸುವುದು ನನ್ನ ಕೆಲಸವಾಗಿತ್ತು. ಒಬ್ಬರು ಹಿಡಿಯಬೇಕು. ಕೊಕ್ಕಿಗಿಂತ ಕಾಲಿಗೆ ಹೆದರಬೇಕು. ಬೆರಳು ಮಡಚಿದರೆ ಸ್ನಾಯುಹುರಿ ಬೀಗದ ಹಾಗೆ ಕಚ್ಚಿಕೊಳ್ಳುತ್ತದೆ. ಚೀಲ ತೆಗೆದಾಗಲೆಲ್ಲ ನಾನು ಗರಿ ಎಣಿಸುತ್ತಿದ್ದೆ. ಹನ್ನೆರಡು. ಪ್ರತಿ ಸಲವೂ ಹನ್ನೆರಡು ಇರುವಾಗ ಎದೆ ಹಗುರಾಗುತ್ತಿತ್ತು.

ಮೂರನೇ ವಾರ ಒಂದು ಕಣಜ ಗೂಬೆ ಬಂತು. ಮೈಮೇಲೆ ಒಂದು ಗಾಯವೂ ಇಲ್ಲ. ರಕ್ತ ಪರೀಕ್ಷೆಗೆ ಸೂಜಿ ಚುಚ್ಚಿದ ಜಾಗದಿಂದ ರಕ್ತ ಸೋರುವುದು ನಿಲ್ಲಲೇ ಇಲ್ಲ. ಡಾಕ್ಟರ್ ಬಾಯಿ ಬಿಡಿಸಿ ನೋಡಿದರು. ನಸುಗೆಂಪಾಗಿ ಇರಬೇಕಾದ ಒಳಬಾಯಿ ಬಿಳಿಚಿಕೊಂಡಿತ್ತು. "ಇಲಿ ಪಾಷಾಣ" ಅಂದರು.

ಈಗ ಜಾಸ್ತಿ ಬಳಸುವ ಇಲಿ ವಿಷಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡುತ್ತದೆ. ಗೂಬೆಗೆ ಸಿಗುವುದು ಅಂಥ ಇಲಿಯೇ. ವಿಷ ಗೂಬೆಯ ಯಕೃತ್ತಿನಲ್ಲಿ, ಅಂದರೆ ಲಿವರ್‌ನಲ್ಲಿ, ಕೂತುಬಿಡುತ್ತದೆ, ತಿಂದ ಒಂದೊಂದು ಇಲಿಯಿಂದಲೂ ಇನ್ನಷ್ಟು ಸೇರುತ್ತಾ ಹೋಗುತ್ತದೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ1 ಕೊಟ್ಟರು. ಬೇಗ ಬಂದಿದ್ದರೆ ಕೆಲಸ ಮಾಡುತ್ತಿತ್ತು. ಮೂರನೇ ದಿನ ಬೆಳಗ್ಗೆ ನಾನು ಕಿಂಡಿಯಿಂದ ನೋಡಿದಾಗ ಅದು ಮುಖ ಕೆಳಗೆ ಮಾಡಿ ಬಿದ್ದಿತ್ತು.

ನನಗೆ ಸಿಟ್ಟು ಬಂದದ್ದು ಆಗ. ನಮಗೋಸ್ಕರ ಇಲಿ ಹಿಡಿಯುವ ಹಕ್ಕಿಯನ್ನೇ ನಾವು ಇಲಿಗೆ ಇಟ್ಟ ವಿಷ ಕೊಲ್ಲುತ್ತದೆ. ರಣಹದ್ದುಗಳಿಗೂ ಹೀಗೇ ಆಗಿತ್ತು. ದಕ್ಷಿಣ ಏಷ್ಯಾದಲ್ಲಿ ಅವು ಗುಂಪು ಗುಂಪಾಗಿ ಯಾಕೆ ಸಾಯುತ್ತಿವೆ ಅಂತ ತಿಳಿದದ್ದು 2004ರಲ್ಲಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ. ಸತ್ತ ದನವನ್ನು ತಿಂದ ರಣಹದ್ದಿನ ಕಿಡ್ನಿ ಕೆಟ್ಟುಹೋಗುತ್ತಿತ್ತು. 2006ರಲ್ಲಿ ಭಾರತ, ನೇಪಾಳ, ಪಾಕಿಸ್ತಾನ ಮೂರೂ ಕಡೆ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು. ಅಷ್ಟರಲ್ಲಿ ಬಹುಪಾಲು ರಣಹದ್ದುಗಳು ಹೋಗಿಬಿಟ್ಟಿದ್ದವು.

ಗೂಬೆಯ ಗರಿಗಳನ್ನು ತೆಗೆದು ಇಡಬೇಕಿತ್ತು. ಇನ್ನೊಂದು ಗೂಬೆಗೆ ಬೇಕಾಗುತ್ತವೆ. ಮುರಿದ ಗರಿಯ ದಂಟಿನೊಳಗೆ ಸಣ್ಣ ಬಿದಿರಿನ ಕಡ್ಡಿ ಇಟ್ಟು, ದಾನದ ಗರಿಯನ್ನು ಅಂಟಿಸುವ ವಿದ್ಯೆ ಇದೆ. ಇಂಪಿಂಗ್ ಅನ್ನುತ್ತಾರೆ. ಗಿಡುಗ ಪಳಗಿಸುವವರು ಇದನ್ನು ನೂರಾರು ವರ್ಷಗಳಿಂದ ಮಾಡುತ್ತಿದ್ದಾರೆ. 13ನೇ ಶತಮಾನದಲ್ಲಿ ಯುರೋಪಿನ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಎರಡನೇ ಫ್ರೆಡರಿಕ್ ಬರೆದ ಗಿಡುಗ ಬೇಟೆಯ ಪುಸ್ತಕದಲ್ಲೂ ಇದರ ವಿವರ ಇದೆ. ನಾನು ಒಂದೊಂದೇ ಗರಿಯನ್ನು ಸಾಲಾಗಿ ಜೋಡಿಸಿ, ಎಡ, ಬಲ, ಎಷ್ಟನೆಯದು ಅಂತ ಬರೆದು ಲಕೋಟೆಗೆ ಹಾಕಿದೆ. ಮೊದಲ ಗರಿಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಸಣ್ಣ ಎಳೆಗಳಿದ್ದವು. ಗೂಬೆ ಸದ್ದಿಲ್ಲದೆ ಹಾರುವುದಕ್ಕೆ ಅದೂ ಒಂದು ಕಾರಣ. ಗಾಳಿಯಲ್ಲಿ ಬೀಸಿ ನೋಡಿದೆ. ಏನೂ ಕೇಳಿಸಲಿಲ್ಲ.

63 ಆರನೇ ವಾರ ದೊಡ್ಡ ಹಾರಾಟದ ಗೂಡಿಗೆ ಹೋಯಿತು. ಮೊದಲು ಎರಡು ಸಲ ಹಾರಿದರೆ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಬರುಬರುತ್ತಾ ಹತ್ತು, ಹದಿನೈದು, ಇಪ್ಪತ್ತು ಸಲ. ತೂಕ 710 ಗ್ರಾಂ.

ಬಿಡುವ ದಿನ ಮೇಲಕ್ಕೆ ಎಸೆಯುವುದಿಲ್ಲ. ಡಬ್ಬದ ಬಾಯಿ ತೆರೆದು ಹಿಂದೆ ಸರಿದೆವು. ಅದು ಹೊರಬಂದು ಹತ್ತಿರದ ಮರಕ್ಕೆ ಹಾರಿ ಕೂತಿತು. ಅಷ್ಟೇ. ಇಪ್ಪತ್ತೈದು ನಿಮಿಷ ಅಲ್ಲಿಂದ ಕದಲಲಿಲ್ಲ. ಮೈ ಕೊಡವಿತು. ಬಾಲ ಹರಡಿ ಒಂದೊಂದೇ ಗರಿಯನ್ನು ಕೊಕ್ಕಿನಲ್ಲಿ ಎಳೆದು ಸರಿಮಾಡಿಕೊಂಡಿತು. ನಾವು ಬೈನಾಕ್ಯುಲರ್ ಹಿಡಿದು ಸುಮ್ನೆ ಕಾಯುತ್ತಿದ್ದೆವು.

ಆಮೇಲೆ ಹಾರಿತು. ಬಿಸಿಗಾಳಿ ಸಿಕ್ಕಿದ ಕೂಡಲೇ ರೆಕ್ಕೆ ಬಡಿಯುವುದನ್ನು ನಿಲ್ಲಿಸಿತು. ಹದ್ದು ತಿರುಗುವುದು ಬಾಲದಿಂದ, ನಿಮಗೆ ಗೊತ್ತೇ? ಈ ದೃಶ್ಯ ಸ್ವಲ್ಪ ಅಲುಗಾಡಿದೆ, ನನ್ನ ಕೈ ನಡುಗುತ್ತಿತ್ತು. ಆದರೂ ನೋಡಿ. ಬಾಲ ಎಡಕ್ಕೆ ತಿರುಚಿತು, ಹಕ್ಕಿ ಎಡಕ್ಕೆ ಹೊರಳಿತು. ಬಲಕ್ಕೆ ತಿರುಚಿತು, ಬಲಕ್ಕೆ ಹೊರಳಿತು. ನಡುವೆ ಒಂದು ಗರಿಯೂ ಬಿಟ್ಟುಹೋಗಿಲ್ಲ.